ಅಣ್ಣನ್ನ ಕೇಳ್ರಿ

2018ರ ಶ್ರಾವಣದ ಎರಡನೇ ಸೋಮವಾರ. ಗುಡಿಯಲ್ಲಿ ಪುರಾಣ ಶುರುವಾಗಿ ಹಾರ್ಮೋನಿಯಮ್ ದನಿ ಮೈಕಿನಿಂದ ಬೇವೂರಿನ ಓಣಿ ಓಣಿಗೂ ಹರಿದು ಬರುತ್ತಿತ್ತು. ಬಸ್ ನಿಲ್ದಾಣದ ಹತ್ತಿರದ ನನ್ನ ಕಂಪ್ಯೂಟರ್ ಸೆಂಟರಿನಲ್ಲಿ ನಾನೊಬ್ಬನೇ ಕೂತಿದ್ದೆ. ಮೂಲೆಯಲ್ಲಿದ್ದ ಹಳೆಯ ಸರ್ವರಿನ ಫ್ಯಾನು ಬೆಳಗಿನಿಂದ ಹಿಟ್ಟಿನ ಗಿರಣಿಯ ಹಾಗೆ ಒಂದೇ ಸಮನೆ ಕೂಗುತ್ತಿತ್ತು. ಡಬ್ಬಿಯ ಮೇಲೆ ಕೈಯಿಟ್ಟೆ. ಜ್ವರ ಬಂದ ಮಗುವಿನ ಹಣೆಯಂಥ ಬಿಸಿ.

ಮಧ್ಯಾಹ್ನ ಪಕ್ಕದ ಹಳ್ಳಿಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಬಂದಿದ್ದಳು. ಆಧಾರ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲವನ್ನೂ ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ತಂದಿದ್ದಳು. ವೆಬ್‌ಸೈಟಿನ ಹೆಸರು ಬರೆದು ಎಂಟರ್ ಒತ್ತಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಪುಟ ತೆರೆಯಲಿಲ್ಲ, ಅಂಥ ಪುಟ ಇಲ್ಲ ಎಂದೂ ಹೇಳಲಿಲ್ಲ. ಒಂದು ತಾಸು ಕಾದಳು. ‘ಸರ್ರ, ನಾಳಿಗೆ ಬರಲೇನ್ರಿ?’ ಎಂದಳು. ನಾಳೆ ಆಗುತ್ತದೋ ಇಲ್ಲವೋ ನನಗೂ ತಿಳಿಯದು. ‘ಬಾರವ್ವಾ, ನೋಡೂಣು’ ಎಂದು ಕಳಿಸಿದೆ. ಚೀಲವನ್ನು ಮತ್ತೆ ಮೊದಲಿನ ಹಾಗೇ ಸುತ್ತಿ, ಎದೆಗೊತ್ತಿಕೊಂಡು ಬಸ್ಸಿಗೆ ಓಡಿದಳು.

ನಾನು ಬೆಂಗಳೂರಿನಲ್ಲಿ ಆರು ವರ್ಷ ನೆಟ್‌ವರ್ಕಿನ ಕೆಲಸ ಮಾಡಿ 2011ರಲ್ಲಿ ಊರಿಗೆ ತಿರುಗಿ ಬಂದವನು. ಯಾಕೆ ಬಂದೆ ಎಂಬುದು ಮುಂದೆ ಬರುತ್ತದೆ. ಎಂಟು ಕಂಪ್ಯೂಟರುಗಳ ಸಣ್ಣ ಸೆಂಟರು ನನ್ನದು. ಪಹಣಿ, ಬೆಳೆವಿಮೆ, ಪರೀಕ್ಷೆಯ ಫಲಿತಾಂಶ, ಸಂಜೆಗೆ ಟ್ಯಾಲಿ ಕಲಿಯುವ ಹುಡುಗರು. ಆ ಎಂಟಕ್ಕೂ ಹಿರಿಯನ ಹಾಗೆ ಮೂಲೆಯಲ್ಲಿ ಒಂದು ಸರ್ವರ್. ಅದರಲ್ಲಿ ಉಬುಂಟು 16.04 ಇತ್ತು. ಅದಕ್ಕೆ ಇನ್ನೂ ಆಯುಷ್ಯವಿದ್ದರೂ ಹೊಸದನ್ನು ಹಾಕಿಬಿಡೋಣವೆಂದು ಭಾನುವಾರ ಅಂಗಡಿಯ ಬಾಗಿಲು ಎಳೆದುಕೊಂಡು 18.04ಕ್ಕೆ ಏರಿಸಿದೆ. ಎಲ್ಲ ಸುಸೂತ್ರವಾಗಿ ಮುಗಿಯಿತು. ಸೋಮವಾರ ಬೆಳಿಗ್ಗೆ ಎಂಟೂ ಕಂಪ್ಯೂಟರುಗಳು ಎದ್ದವು. ಅದೇ ಗಳಿಗೆಗೆ ಫ್ಯಾನು ಕೂಗತೊಡಗಿತು.

ಟಾಪ್ ಎಂಬ ಆದೇಶ ಕೊಟ್ಟರೆ ಯಾವ ಕೆಲಸ ಎಷ್ಟು ಪ್ರೊಸೆಸರ್ ತಿನ್ನುತ್ತಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಮೇಲಿನ ಎರಡೇ ಸಾಲು ಇಡೀ ಯಂತ್ರವನ್ನು ನುಂಗಿದ್ದವು. ಒಂದು ಡಿಎನ್‌ಎಸ್‌ಮಾಸ್ಕ್, ಶೇಕಡಾ 97. ಇನ್ನೊಂದು ಸಿಸ್ಟಮ್‌ಡಿ-ರಿಸಾಲ್ವ್‌ಡ್, 94. ಎರಡೂ ಹೆಸರು ಹುಡುಕಿಕೊಡುವ ಸೇವಕರು.

ಇದನ್ನು ಕಂಪ್ಯೂಟರ್ ಮುಟ್ಟದವರಿಗೂ ಹೇಳಬಹುದು. ನಾವು ಹೆಸರು ಬರೆಯುತ್ತೇವೆ, ಆದರೆ ತಂತಿಯ ಮೇಲೆ ಓಡಾಡುವುದು ಅಂಕಿ. ಯಾವ ಹೆಸರಿಗೆ ಯಾವ ಅಂಕಿ ಎಂದು ಯಾರನ್ನಾದರೂ ಕೇಳಲೇಬೇಕು. ಪಾಲ್ ಮೊಕಪೆಟ್ರಿಸ್ ಎಂಬಾತ 1983ರಲ್ಲಿ ಈ ಕೇಳಾಟಕ್ಕೆ ಒಂದು ವ್ಯವಸ್ಥೆ ಕಟ್ಟಿದ. ಜಗತ್ತಿನ ಎಲ್ಲ ಹೆಸರೂ ಒಬ್ಬನಿಗೆ ಗೊತ್ತಿರಬೇಕಾಗಿಲ್ಲ. ತನಗೆ ಗೊತ್ತಿದ್ದರೆ ಹೇಳುವುದು, ಇಲ್ಲದಿದ್ದರೆ ಬಲ್ಲವರನ್ನು ಕೇಳಿ ಬಂದು ಹೇಳುವುದು. ಎಲ್ಲರಿಗಿಂತ ಮೇಲೆ ಬೇರು ಎಂಬ ನೆಲೆ ಇದೆ; ಎ ಇಂದ ಎಮ್ ವರೆಗೆ 13 ಹೆಸರುಗಳಲ್ಲಿ ಅದು ಜಗತ್ತಿನ ತುಂಬ ಹರಡಿಕೊಂಡಿದೆ. ಬೇರಿಗೂ ಎಲ್ಲ ಉತ್ತರ ಗೊತ್ತಿಲ್ಲ. ಆದರೆ ಯಾವ ಪ್ರಶ್ನೆಯನ್ನು ಯಾರ ಮನೆಗೆ ಒಯ್ಯಬೇಕು ಎಂಬುದು ಅದಕ್ಕೆ ಗೊತ್ತು.

ನನ್ನ ಸೆಂಟರಿನಲ್ಲಿ ಈ ಚಾಕರಿ ಮೊದಲಿನಿಂದ ಡಿಎನ್‌ಎಸ್‌ಮಾಸ್ಕ್‌ನದು. ಎಂಟು ಕಂಪ್ಯೂಟರುಗಳು ಅದನ್ನು ಕೇಳುತ್ತಿದ್ದವು, ಅದು ಹೊರಗೆ ಕೇಳಿ ಬರುತ್ತಿತ್ತು, ಕೇಳಿದ್ದನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತಿತ್ತು. 18.04ರ ಜೊತೆ ರಿಸಾಲ್ವ್‌ಡ್ ಎಂಬ ಹೊಸಬ ತಾನಾಗಿಯೇ ಮನೆಯೊಳಗೆ ಬಂದು ಕೂತ. ವಿಳಾಸ 127.0.0.53. ಹಳಬನ ವಿಳಾಸ 127.0.0.1. 127ರಿಂದ ಶುರುವಾಗುವ ವಿಳಾಸ ಯಾವುದೇ ಇರಲಿ, ಅದು ಆ ಯಂತ್ರ ತನ್ನನ್ನು ತಾನೇ ಕರೆದುಕೊಳ್ಳುವ ಹೆಸರು. ಹೊರಗಿನ ತಂತಿಗೆ ಆ ಮಾತು ಹೋಗುವುದೇ ಇಲ್ಲ.

ಹೊರಗೆ ಯಾರನ್ನು ಕೇಳಬೇಕು ಎಂದು ಬರೆದಿಟ್ಟ ಹಳೆಯ ಕಡತ ಅಪ್‌ಗ್ರೇಡಿನಲ್ಲಿ ಮಾಯವಾಗಿತ್ತು. ಹಳಬ ಅದನ್ನು ಹುಡುಕಿ, ಸಿಗದೆ, ಊರಿಗೆಲ್ಲ ಸಾಮಾನ್ಯವಾದ ಇನ್ನೊಂದು ಕಡತ ತೆರೆದ. ಅದರಲ್ಲಿ ಹೊಸಬನ ವಿಳಾಸ ಇತ್ತು: 53ನೆಯವನನ್ನು ಕೇಳು. ಹೊಸಬ ತಾನು ಯಾರನ್ನು ಕೇಳಲಿ ಎಂದು ನೋಡಿದ. ವರ್ಷಗಳ ಹಿಂದೆ ನಾನೇ ನನ್ನ ಕೈಯಿಂದ ಬರೆದ ಒಂದು ಸಾಲು ಉಳಿದಿತ್ತು: ಈ ಮನೆಯಲ್ಲಿ ಏನೇ ಕೇಳುವುದಿದ್ದರೂ 127.0.0.1ನ್ನು ಕೇಳು. ಆ ಸಾಲು ಬರೆದಾಗ ಸರಿಯಾಗಿಯೇ ಇತ್ತು.

ಹುಡುಗಿಯ ವೆಬ್‌ಸೈಟಿನ ಹೆಸರು ಹಳಬನ ಬಳಿ ಬಂತು. ನನಗೆ ಗೊತ್ತಿಲ್ಲ, ಅವನನ್ನು ಕೇಳೋಣ ಎಂದು ಹೊಸಬನಿಗೆ ಕಳಿಸಿದ. ನನಗೂ ಗೊತ್ತಿಲ್ಲ, ಹಿರಿಯನನ್ನು ಕೇಳೋಣ ಎಂದು ಹೊಸಬ ಹಳಬನಿಗೆ ಕಳಿಸಿದ. ಒಳಗಿನ ಮಾತು ಕದ್ದು ಕೇಳುವ ಟಿಸಿಪಿಡಂಪ್ ಹಾಕಿ ನೋಡಿದೆ. ಒಂದೇ ಹೆಸರು, ಒಂದೇ ಪ್ರಶ್ನೆ, ಪರದೆಯ ಮೇಲಿಂದ ಕೆಳಕ್ಕೆ ಮಳೆಯ ಹಾಗೆ ಸುರಿಯುತ್ತಿತ್ತು. 53ಕ್ಕೆ, 1ಕ್ಕೆ, 53ಕ್ಕೆ, 1ಕ್ಕೆ. ಉತ್ತರ ಎಂಬ ಸಾಲು ಒಂದೂ ಇಲ್ಲ. ದಾಖಲೆಯಲ್ಲಿ ಡಿಎನ್‌ಎಸ್‌ಮಾಸ್ಕ್ ಒಂದೇ ದೂರನ್ನು ಮತ್ತೆ ಮತ್ತೆ ಬರೆದಿತ್ತು: ಒಟ್ಟಿಗೆ ಇಟ್ಟುಕೊಳ್ಳಬಹುದಾದ ಪ್ರಶ್ನೆಗಳ ಮಿತಿ ಮುಗಿಯಿತು, ಮಿತಿ 150. ಅಂದರೆ ಇನ್ನೂ ಬಾರದ ಉತ್ತರಕ್ಕಾಗಿ 150 ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ನಿಂತಿದೆ, ಹೊಸದು ಹಿಡಿಯಲು ಕೈಯಿಲ್ಲ.

ಸುಮ್ಮನೆ ನೋಡುತ್ತ ಕೂತುಬಿಟ್ಟೆ. ಇಬ್ಬರಲ್ಲಿ ಒಬ್ಬನೂ ಸುಳ್ಳು ಹೇಳಿಲ್ಲ. ಒಬ್ಬನೂ ಸೋಮಾರಿಯಲ್ಲ, ಮೈ ಸುಡುವಷ್ಟು ದುಡಿಯುತ್ತಿದ್ದಾರೆ. ಇನ್ನೊಬ್ಬನಿಗೆ ನನಗಿಂತ ಹೆಚ್ಚು ಗೊತ್ತಿರಬೇಕು ಎಂಬ ಮರ್ಯಾದೆಯಿಂದಲೇ ಇಬ್ಬರೂ ನಡೆದುಕೊಂಡಿದ್ದಾರೆ. ಆ ಮರ್ಯಾದೆಯ ನಡುವೆ ಹುಡುಗಿಯ ಬಸ್ಸು ಹೊರಟುಹೋಯಿತು.

ಈ ಆಟ ನಾನು ಮೊದಲೇ ನೋಡಿದ್ದೆ. ಅಪ್ಪನ ಹಾಸಿಗೆಯ ಪಕ್ಕದಲ್ಲಿ.

2011ರ ಬೇಸಿಗೆಯಲ್ಲಿ ಅಪ್ಪನ ಎರಡೂ ಮೂತ್ರಪಿಂಡ ಕೈಕೊಟ್ಟವು. ಎಪ್ಪತ್ತನಾಲ್ಕು ವಯಸ್ಸು. ದೊಡ್ಡ ಊರಿನ ಆಸ್ಪತ್ರೆಗೆ ಸೇರಿಸಿದೆವು. ಅಣ್ಣ ಬಾಗಲಕೋಟೆಯ ನವನಗರದಿಂದ ಬಂದ, ನಾನು ಬೆಂಗಳೂರಿನಿಂದ. ಮೂರನೇ ದಿನ ವೈದ್ಯರು ಅಣ್ಣನನ್ನು ಕರೆದು ಹೇಳಿದರು: ಡಯಾಲಿಸಿಸ್ ಮಾಡುತ್ತಿದ್ದೇವೆ, ಆದರೆ ಹೃದಯ ಸೋತಿದೆ, ಹೀಗೇ ಮುಂದುವರಿಸಬಹುದು, ಬೇಡವೆಂದರೆ ಮನೆಗೆ ಒಯ್ದು ನೋವಾಗದಂತೆ ನೋಡಿಕೊಳ್ಳಬಹುದು, ನೀವು ಹೇಳಬೇಕು. ಅಣ್ಣ ಹೇಳಿದ, ‘ನಂಗೇನ ತಿಳೀತೈತ್ರಿ ಸರ್, ತಮ್ಮ ಓದಿದಾಂವ ಅದಾನ, ಅವನ್ನ ಕೇಳ್ರಿ.’ ಅವರು ನನ್ನನ್ನು ಕೇಳಿದರು. ನಾನು ಹೇಳಿದೆ, ‘ಅಣ್ಣ ಹಿರಿಯಾಂವ ಇದ್ದಾನ್ರಿ. ಅವನ ಮಾತು ಮೀರಿ ನಾ ಹೆಂಗ ಹೇಳ್ಲಿ? ಅಣ್ಣನ್ನ ಕೇಳ್ರಿ.’

ಅಣ್ಣ ನನ್ನನ್ನು ಸಣ್ಣವನೆಂದು ತಳ್ಳಲಿಲ್ಲ, ನಾನು ಅವನನ್ನು ಓದದವನೆಂದು ತಳ್ಳಲಿಲ್ಲ. ನಮ್ಮಿಬ್ಬರ ನಡುವೆ ಹೊಲದ ಜಗಳವಿಲ್ಲ, ದುಡ್ಡಿನ ಲೆಕ್ಕವಿಲ್ಲ. ನೆಂಟರು ನಮ್ಮನ್ನು ನೋಡಿ ರಾಮ-ಲಕ್ಷ್ಮಣರು ಎನ್ನುತ್ತಿದ್ದರು. ಆರನೇ ದಿನ ಅಣ್ಣ ಕಾರಿಡಾರಿನಲ್ಲಿ ಚಹದ ಲೋಟ ಕೈಗೆ ಕೊಡುತ್ತ ‘ಡಾಕ್ಟರು ಮತ್ತ ಕೇಳಿದ್ರು, ನಿನ್ನ ಕೇಳ್ರಿ ಅಂದೀನಿ’ ಎಂದ. ನಾನು ‘ನಿನ್ನ ಕೇಳ್ರಿ ಅಂತ ನಾನೂ ಹೇಳೀನಲ್ಲಾ’ ಎಂದೆ. ಇಬ್ಬರೂ ಚಹ ಕುಡಿದೆವು.

ಒಂಬತ್ತು ದಿನ. ಅಪ್ಪನಿಗೆ ಅಷ್ಟೂ ದಿನ ಎಚ್ಚರವಿತ್ತು. ಮಾತು ಕಡಿಮೆಯಾಗಿತ್ತು, ಕಣ್ಣು ಸ್ಪಷ್ಟವಾಗಿತ್ತು. ಕೊರಳಿನ ಕರಡಿಗೆಯನ್ನು ಐಸಿಯುದಲ್ಲಿ ಬಿಚ್ಚಿಸಿದ್ದರು. ಕೈ ಆಗಾಗ ಎದೆಯ ಹತ್ತಿರ ಹೋಗಿ, ಏನೂ ಸಿಗದೆ, ಮತ್ತೆ ಹಾಸಿಗೆಯ ಮೇಲೆ ಬೀಳುತ್ತಿತ್ತು. ಅಪ್ಪ ಜೀವಮಾನದಲ್ಲಿ ಒಂದು ದಿನವೂ ಲಿಂಗಪೂಜೆ ತಪ್ಪಿಸಿದವನಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಅರ್ಧ ತಾಸು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದ. ಬೇಡುವುದು ಕೇಳುವುದು ಏನೂ ಇರಲಿಲ್ಲ, ನೋಡುತ್ತಿದ್ದ ಅಷ್ಟೇ. ಸಣ್ಣವನಿದ್ದಾಗ ‘ಏನ್ ಕಾಣತೈತಿ ಅಪ್ಪಾ?’ ಎಂದು ಕೇಳಿದ್ದೆ. ‘ನೀನೂ ನೋಡು’ ಎಂದಿದ್ದ.

ಹತ್ತನೇ ದಿನ ಸೋದರತ್ತೆ ಬಂದಳು. ಅಪ್ಪನ ತಂಗಿ. ಶಾಲೆಯ ಮುಖ ನೋಡಿದವಳಲ್ಲ. ಒಳಗೆ ಹೋದವಳೇ ಅಪ್ಪನ ಕೈ ಹಿಡಿದು, ‘ಯಣ್ಣಾ, ಊರಿಗೆ ಹೋಗೂಣೇನು?’ ಎಂದಳು. ಅಪ್ಪ ‘ಹೂಂ’ ಎಂದ. ಅಷ್ಟು ಜೋರಾಗಿ ಆ ಹತ್ತು ದಿನಗಳಲ್ಲಿ ಅವನು ಏನನ್ನೂ ಅಂದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮಿಬ್ಬರಿಗೂ ಕೇಳಿಸಿತು.

ಆ ಸಂಜೆಯೇ ಬೇವೂರಿಗೆ ತಂದೆವು. ಮನೆಯ ಪಡಸಾಲೆಯಲ್ಲಿ ಎರಡು ದಿನ ಇದ್ದ. ಅಣ್ಣ ಅವನ ಎಡಗೈಯನ್ನು ತನ್ನ ಕೈಮೇಲೆ ಹೊತ್ತು ಹಿಡಿದ, ನಾನು ಅಂಗೈಯಲ್ಲಿ ಲಿಂಗ ಇಟ್ಟೆ. ನೋಡಿದ. ಮೂರನೇ ದಿನ ಬೆಳಗಿನ ಜಾವ ಲಿಂಗೈಕ್ಯನಾದ. ನಾನು ಬೆಂಗಳೂರಿಗೆ ಹೋಗಲಿಲ್ಲ. ಎರಡು ದಿನ ಸಿಕ್ಕವು, ಒಂಬತ್ತು ಹೋದವು. ಯಾರನ್ನು ಕೇಳಬೇಕಿತ್ತೋ ಅವನ ಮಂಚದ ಎರಡು ಬದಿಗೆ ನಿಂತು ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದೆವು. ಇದನ್ನು ಅಣ್ಣನೂ ನಾನೂ ಏಳು ವರ್ಷ ಬಾಯಿಬಿಟ್ಟು ಆಡಿರಲಿಲ್ಲ. ಆ ಸೋಮವಾರ ರಾತ್ರಿ ಪರದೆಯ ಮೇಲೆ 53ಕ್ಕೆ, 1ಕ್ಕೆ ಎಂದು ಸುರಿಯುವುದನ್ನು ನೋಡುವಾಗ ಗಂಟಲು ಕಟ್ಟಿತು.

ನಮ್ಮ ತರ್ಕಶಾಸ್ತ್ರದವರು ಇಂಥ ಸುತ್ತುಗಳಿಗೆ ಬಹಳ ಹಿಂದೆಯೇ ಹೆಸರಿಟ್ಟಿದ್ದಾರೆ. ತನ್ನನ್ನು ತಾನೇ ಆಧಾರ ಮಾಡಿಕೊಂಡರೆ ಆತ್ಮಾಶ್ರಯ. ಇಬ್ಬರು ಒಬ್ಬರಿಗೊಬ್ಬರು ಆಧಾರವಾದರೆ ಅನ್ಯೋನ್ಯಾಶ್ರಯ. ಮೂವರು ನಾಲ್ವರು ಸೇರಿ ಸುತ್ತಿದರೆ ಚಕ್ರಕ. ಸುತ್ತದೆ, ಒಂದರ ಹಿಂದೊಂದು ಕೊನೆಯಿಲ್ಲದೆ ಹೋದರೆ ಅನವಸ್ಥಾ. ನಾಲ್ಕೂ ದೋಷಗಳು. ನಮ್ಮ ಅಜ್ಜಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಅವಳ ಬಾಯಲ್ಲಿ ಇದ್ದದ್ದು ಹುಚ್ಚು ಬಿಡೂತನಕ ಮದಿವಿ ಆಗಂಗಿಲ್ಲ, ಮದಿವಿ ಆಗೂತನಕ ಹುಚ್ಚು ಬಿಡಂಗಿಲ್ಲ ಎಂಬ ಗಾದೆ. ಅನ್ಯೋನ್ಯಾಶ್ರಯವನ್ನು ಇದಕ್ಕಿಂತ ಚೆನ್ನಾಗಿ ಯಾವ ಪಂಡಿತರೂ ಹೇಳಿದ್ದನ್ನು ನಾನು ಓದಿಲ್ಲ.

ಅರಿವಿನ ಬಗ್ಗೆಯೂ ಶಾಸ್ತ್ರಕಾರರಿಗೆ ಇದೇ ಚಿಂತೆ. ನನಗೆ ತಿಳಿದದ್ದು ಸರಿ ಎಂದು ಯಾರು ಹೇಳಬೇಕು? ಇನ್ನೊಂದು ತಿಳಿವಳಿಕೆ ಹೇಳಬೇಕಾದರೆ, ಅದು ಸರಿ ಎನ್ನಲು ಮತ್ತೊಂದು ಬೇಕು. ಮೀಮಾಂಸಕರು ಇದಕ್ಕೆ ಹೆದರಿಯೇ, ಅರಿವು ತನಗೆ ತಾನೇ ಪ್ರಮಾಣ, ತಪ್ಪೆಂದು ಕಾಣುವವರೆಗೆ ನಂಬು ಎಂದರು. ನೈಯಾಯಿಕರು ಒಪ್ಪಲಿಲ್ಲ. ದೂರದಲ್ಲಿ ನೀರು ಕಂಡವನು ಅದು ನೀರೋ ಬಿಸಿಲ್ಗುದುರೆಯೋ ಎಂದು ಕೂತಲ್ಲೇ ತರ್ಕಿಸಿ ಏನು ಮಾಡಿಯಾನು? ಎದ್ದು ಹೋಗಿ ಬೊಗಸೆಯಲ್ಲಿ ತೆಗೆದು ಕುಡಿಯಲಿ, ನೀರಡಿಕೆ ಹೋದರೆ ನೀರು ಎಂಬುದು ಅವರ ದಾರಿ. ಓದುವಾಗ ಮೀಮಾಂಸಕರ ಮಾತು ನನಗೆ ಗಟ್ಟಿಯಾಗಿ ಕಂಡಿತ್ತು. ಸೋದರತ್ತೆಯನ್ನು ನೆನೆದಾಗ ನೈಯಾಯಿಕರ ಕಡೆ ವಾಲುತ್ತೇನೆ. ಅವಳು ಎದ್ದು ಹೋಗಿ ಕೈ ಹಿಡಿದು ಕೇಳಿದಳು.

ಆದರೆ ನನ್ನನ್ನು ಕಾಡಿದ ಪ್ರಶ್ನೆ ಇದಕ್ಕಿಂತ ಸ್ವಲ್ಪ ಬೇರೆ. ನಾನು ಅಣ್ಣನನ್ನು ಮುಂದೆ ಮಾಡಿದ್ದು ವಿನಯದಿಂದ. ಕಿಂಕರನಾಗಿರು, ನಾನು ಎಂಬುದನ್ನು ಬಿಡು ಎಂದು ಕೂಡಲಸಂಗಮದ ಈ ಸೀಮೆಯಲ್ಲಿ ಹುಟ್ಟಿದವರಿಗೆ ಹಾಲಿನ ಜೊತೆಗೆ ಕುಡಿಸಿರುತ್ತಾರೆ. ವಿನಯ ಹೀಗೆ ಒಬ್ಬನ ಕೊನೆಯ ದಿನಗಳನ್ನು ತಿಂದರೆ, ತಪ್ಪು ಎಲ್ಲಿ ಹೊಕ್ಕಿತು?

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕನ ಸಭೆ ಇದೆ. ಅಲ್ಲಿ ಗಾರ್ಗಿ ಯಾಜ್ಞವಲ್ಕ್ಯನನ್ನು ಕೇಳುತ್ತಾಳೆ: ಇದೆಲ್ಲ ನೀರಿನಲ್ಲಿ ಹಾಸುಹೊಕ್ಕಾಗಿದೆ ಎನ್ನುತ್ತಾರಲ್ಲ, ನೀರು ಯಾವುದರಲ್ಲಿ ಹಾಸುಹೊಕ್ಕಾಗಿದೆ? ಗಾಳಿಯಲ್ಲಿ ಎನ್ನುತ್ತಾನೆ. ಗಾಳಿ? ಅದಕ್ಕೂ ಒಂದು ಆಧಾರ ಹೇಳುತ್ತಾನೆ. ಹೀಗೆ ಗಂಧರ್ವ, ಸೂರ್ಯ, ಚಂದ್ರ, ನಕ್ಷತ್ರ, ದೇವ, ಇಂದ್ರ, ಪ್ರಜಾಪತಿ, ಬ್ರಹ್ಮ ಎಂದು ಲೋಕದಿಂದ ಲೋಕಕ್ಕೆ ಪ್ರಶ್ನೆ ಏರುತ್ತ ಹೋಗುತ್ತದೆ. ಬ್ರಹ್ಮಲೋಕ ಯಾವುದರಲ್ಲಿ ಎಂದಾಗ ಯಾಜ್ಞವಲ್ಕ್ಯ ತಡೆಯುತ್ತಾನೆ: ಗಾರ್ಗಿ, ಇನ್ನು ಕೇಳಬೇಡ, ತಲೆ ಉರುಳೀತು. ಅವಳು ಸುಮ್ಮನಾಗುತ್ತಾಳೆ.

ವಾದದಲ್ಲಿ ಸೋಲುವವನು ಹೆದರಿಸಿ ಬಾಯಿ ಮುಚ್ಚಿಸಿದ ಎಂದೇ ಬಹಳ ದಿನ ತಿಳಿದಿದ್ದೆ. ಶಂಕರಾಚಾರ್ಯರ ಭಾಷ್ಯ ಬೇರೆ ಕಾರಣ ಕೊಡುತ್ತದೆ. ಆಗಮದಿಂದ ತಿಳಿಯಬೇಕಾದ್ದನ್ನು ಗಾರ್ಗಿ ಅನುಮಾನದಿಂದ, ಅಂದರೆ ತರ್ಕದಿಂದ, ಒಂದರ ಮೇಲೊಂದು ಮೆಟ್ಟಿಲಿಟ್ಟು ಹಿಡಿಯಲು ಹೊರಟಿದ್ದಾಳೆ. ಅದು ತಪ್ಪು ಎನ್ನುತ್ತದೆ. ಅಂದರೆ ಪ್ರಶ್ನೆ ತಪ್ಪಲ್ಲ, ಒಯ್ದ ವಿಳಾಸ ತಪ್ಪು. ಗಾರ್ಗಿಯೂ ಅಲ್ಲಿಗೇ ಬಿಡುವುದಿಲ್ಲ. ಅದೇ ಸಭೆಯಲ್ಲಿ ಮತ್ತೆ ಎದ್ದು ನಿಂತು, ಬಿಲ್ಲಿಗೆ ಹೆದೆಯೇರಿಸಿ ಎರಡು ಬಾಣ ಕೈಯಲ್ಲಿ ಹಿಡಿದ ವೀರನ ಹಾಗೆ ಎರಡು ಪ್ರಶ್ನೆ ತಂದಿದ್ದೇನೆ ಎನ್ನುತ್ತಾಳೆ. ಆಗ ಯಾಜ್ಞವಲ್ಕ್ಯ ಅಕ್ಷರದವರೆಗೆ, ಕ್ಷಯವಿಲ್ಲದ್ದರವರೆಗೆ ಕರೆದೊಯ್ಯುತ್ತಾನೆ. ಅದನ್ನು ಹೇಳುವ ರೀತಿ ಇಲ್ಲ, ಅಲ್ಲ ಎಂಬ ಮಾತುಗಳದು. ದಪ್ಪವಲ್ಲ, ತೆಳುವಲ್ಲ, ಗಿಡ್ಡವಲ್ಲ, ಉದ್ದವಲ್ಲ ಎಂಬ ಹಾಗೆ. ಅಷ್ಟು ದೊಡ್ಡ ಪ್ರಶ್ನೆ ಕೊನೆಗೆ ಹೋಗಿ ನಿಂತದ್ದು ಅಲ್ಲ ಎನ್ನಬಲ್ಲವನ ಮುಂದೆ.

ಹಾಸುಹೊಕ್ಕು ಎಂದರೆ ನನ್ನ ಕಣ್ಣಿಗೆ ಬರುವುದು ಇಳಕಲ್ಲು. ಅವ್ವನ ತವರು. ಸೋದರಮಾವ ಅಲ್ಲಿ ಸೀರೆ ನೇಯುತ್ತಿದ್ದ; ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಇಳಕಲ್ಲ ಸೀರೆಯ ಗುಟ್ಟು ಅದರ ಸೆರಗಿನಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಬೇರೆ ಬೇರೆಯಾಗಿ ತಯಾರು ಮಾಡಿ, ಒಡಲಿನ ಎಳೆಯ ಕೊಂಡಿಯೊಳಗೆ ಸೆರಗಿನ ಎಳೆಯ ಕೊಂಡಿ ತೂರಿಸಿ ಕೂಡಿಸುತ್ತಾರೆ. ಗಂಟಿಲ್ಲ. ಒಂದು ಎಳೆ ಇನ್ನೊಂದನ್ನು ಹಿಡಿದಿರುತ್ತದೆ, ಅದು ಇದನ್ನು. ಹೀಗೆ ಸೀರೆಯ ಅಗಲಕ್ಕೂ ಸಾವಿರಗಟ್ಟಲೆ ಎಳೆ. ಕತ್ತಲು ಕೋಣೆಯಲ್ಲಿ ಒಂದು ಬಲ್ಬಿನ ಬೆಳಕಿಗೆ ಮಾವ ಕಣ್ಣು ಕಿರಿದು ಮಾಡಿ ಒಂದೊಂದೇ ಕೂಡಿಸುವಾಗ ಉಸಿರು ಸಹ ಮೆಲ್ಲಗೆ ಬಿಡುತ್ತಿದ್ದ. ಬೆರಳ ತುದಿಯ ಚರ್ಮ ನೂಲು ಜಾರಿ ಜಾರಿ ನುಣುಪಾಗಿತ್ತು. ಅದರ ಗೆರೆಗಳೇ ಸವೆದಿದ್ದವು.

ಅಪ್‌ಗ್ರೇಡಿನ ಆ ವಾರ ಕಳೆದ ಮೇಲೆ ಇಳಕಲ್ಲಿಗೆ ಹೋದಾಗ ಮಾವನಿಗೆ ಎಲ್ಲ ಹೇಳಿದೆ. ಕೊಂಡಿಯ ಸೀರೆಯೂ ಅನ್ಯೋನ್ಯಾಶ್ರಯವೇ ಅಲ್ಲವೇ, ಅದು ಯಾಕೆ ದೋಷವಾಗಲಿಲ್ಲ ಎಂದು ನನ್ನ ತಲೆ ಕೊರೆಯುತ್ತಿತ್ತು. ಮಾವ ಮಗ್ಗದ ಆಚೆ ತುದಿಗೆ ಬೆರಳು ತೋರಿಸಿದ. ‘ಎಳೀ ಒಂದನ್ನೊಂದು ಹಿಡಕೊಂಡಾವ ಖರೆ. ಆದ್ರ ಇದರ ಆ ತುದಿ ನೋಡು, ಅಲ್ಲಿ ಗೂಟಕ್ಕ ಬಿಗದೇತಿ. ಇದರ ಈ ತುದಿ ಇಲ್ಲಿ ನನ್ನ ಹೊಟ್ಟಿ ಮುಂದಿನ ಕುಂಟಿಗೆ ಸುತ್ತೇತಿ. ಎರಡೂ ತುದಿ ಬಿಟ್ಟು ಬರೇ ನಡು ಹಿಡಕೊಂಡ್ರ ಅರವಿ ಆಗತೈತೇನು?’ ಎಳೆಯನ್ನು ಬೆರಳಿನಿಂದ ಮೀಟಿದ. ತಂಬೂರಿಯ ತಂತಿಯ ಹಾಗೆ ಬಿಗಿಯಾಗಿತ್ತು.

ಅಣ್ಣನೂ ನಾನೂ ನಡುವನ್ನು ಮಾತ್ರ ಹಿಡಿದಿದ್ದೆವು. ಅವನಿಗೆ ಗೊತ್ತಿದ್ದದ್ದು ಒಂದು ತುದಿ: ಅಪ್ಪ ನಲವತ್ತು ವರ್ಷ ಹೇಗೆ ಬದುಕಿದ, ಏನನ್ನು ಸಹಿಸುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇನ್ನೊಂದು: ವೈದ್ಯರ ಮಾತಿನ ಅರ್ಥ ಏನು, ಆ ಯಂತ್ರ ಎಷ್ಟು ದಿನ ತಳ್ಳಬಲ್ಲದು. ಗೊತ್ತಿದ್ದಷ್ಟನ್ನು ಹೇಳಿ, ಇಷ್ಟರ ಆಚೆ ನನಗೆ ಗೊತ್ತಿಲ್ಲ ಎಂದು ಇಬ್ಬರೂ ಬಾಯಿಬಿಟ್ಟಿದ್ದರೆ, ಪ್ರಶ್ನೆ ಸುತ್ತಲು ಜಾಗವಿಲ್ಲದೆ ತಾನಾಗಿ ಅಪ್ಪನ ಮಂಚಕ್ಕೆ ಹೋಗುತ್ತಿತ್ತು. ನಾವು ಆಡಿದ್ದು ಗೊತ್ತಿಲ್ಲ ಎಂಬ ಮಾತಲ್ಲ. ಅವನನ್ನು ಕೇಳ್ರಿ ಎಂಬ ಮಾತು. ಎರಡೂ ಒಂದೇ ಎಂದು ನಾನು ತಿಳಿದಿದ್ದೆ. ಗೊತ್ತಿಲ್ಲ ಎನ್ನುವವನು ಪ್ರಶ್ನೆಯನ್ನು ತನ್ನ ಬಳಿ ಇಟ್ಟುಕೊಂಡು ಬರಿಗೈ ತೋರಿಸುತ್ತಾನೆ. ಅವನನ್ನು ಕೇಳ್ರಿ ಎನ್ನುವವನಿಗೆ ಕೈ ತೋರಿಸುವ ಪ್ರಸಂಗವೇ ಬರುವುದಿಲ್ಲ. ಹೆಸರಿನ ವ್ಯವಸ್ಥೆಯಲ್ಲೂ ಇದಕ್ಕೆ ಜಾಗವಿದೆ: ಅಂಥ ಹೆಸರು ಇಲ್ಲವೇ ಇಲ್ಲ ಎಂಬುದೂ ಅಲ್ಲಿ ಪೂರ್ಣ ಉತ್ತರ. ಅದನ್ನು ಸಹ ನೆನಪಿಟ್ಟುಕೊಂಡು ಮುಂದೆ ಕೇಳಿದವರಿಗೆ ಕೊಡುತ್ತಾರೆ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಅಂತರ್ಜಾಲದಲ್ಲಿ ಮಾತು ಹೊತ್ತೊಯ್ಯುವ ಪ್ರತಿ ಪೊಟ್ಟಣಕ್ಕೂ ಹುಟ್ಟುವಾಗಲೇ ಆಯುಷ್ಯ ಬರೆದಿರುತ್ತದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ 64. ಒಂದು ರೌಟರ್ ದಾಟಿದರೆ ಒಂದು ಕಡಿಮೆ. ದಾರಿ ತಪ್ಪಿ ಸುತ್ತುವ ಪೊಟ್ಟಣ ಸೊನ್ನೆಗೆ ಬಂದು ಸಾಯಲಿ, ಲೋಕದ ತಂತಿ ಕಟ್ಟಿಕೊಳ್ಳದಿರಲಿ ಎಂದು ಮಾಡಿದ ಏರ್ಪಾಡು. ಅದು ನನ್ನ ಯಂತ್ರವನ್ನು ಯಾಕೆ ಕಾಯಲಿಲ್ಲ? ಹಳಬನಿಂದ ಹೊಸಬನಿಗೆ ಹೋದ ಪೊಟ್ಟಣ ಅಲ್ಲಿಗೆ ಮುಗಿಯಿತು. ಹೊಸಬ ಅದರೊಳಗಿನ ಪ್ರಶ್ನೆಯನ್ನು ಎತ್ತಿ ಹೊಸ ಪೊಟ್ಟಣದಲ್ಲಿಟ್ಟು ಕಳಿಸಿದ. ಅದಕ್ಕೆ ಮತ್ತೆ ಪೂರ್ತಿ 64. ದೇಹ ಹೋಯಿತು, ಪ್ರಶ್ನೆ ಹೊಸ ದೇಹ ತೊಟ್ಟಿತು. ತೀರದೆ ಉಳಿದದ್ದು ಮತ್ತೆ ಮತ್ತೆ ಹುಟ್ಟುತ್ತದೆ ಎಂದು ಪುರಾಣದಲ್ಲಿ ಎಷ್ಟೋ ಶ್ರಾವಣಗಳಲ್ಲಿ ಕೇಳಿದ್ದೆ. ಆ ರಾತ್ರಿ ಮೈಕಿನಲ್ಲಿ ಶಾಸ್ತ್ರಿಗಳು ಏನು ಹೇಳುತ್ತಿದ್ದರೋ ನೆನಪಿಲ್ಲ, ಆದರೆ ಪುನರ್ಜನ್ಮ ಎಂಬ ಮಾತಿಗೆ ನನ್ನ ಮನಸ್ಸಿನಲ್ಲಿ ಒಂದು ರೂಪ ಬಂದದ್ದು ಆಗ.

ಡಿಎನ್‌ಎಸ್‌ಮಾಸ್ಕ್‌ನ ಕೈಪಿಡಿಯಲ್ಲಿ ಈ ಸುತ್ತನ್ನು ಪತ್ತೆ ಹಚ್ಚುವ ಒಂದು ಅನುಕೂಲವಿದೆ. ತಾನು ಯಾರನ್ನು ಕೇಳಲಿದೆಯೋ ಅವರಿಗೆ ಮೊದಲು ಒಂದು ಗುರುತಿನ ಪ್ರಶ್ನೆ ಕಳಿಸುತ್ತದೆ, ಬೇರೆ ಯಾರೂ ಕೇಳಲಾರದಂಥದ್ದು. ಅದೇ ಗುರುತು ಸುತ್ತಿ ತನ್ನ ಬಾಗಿಲಿಗೆ ಬಂದರೆ ಅವರನ್ನು ಕೇಳುವುದನ್ನು ಬಿಡುತ್ತದೆ. ಕಾರಿಡಾರಿನಲ್ಲಿ ಆರನೇ ದಿನ ನನ್ನ ಮಾತು ಅಣ್ಣನ ಬಾಯಿಂದ ನನಗೇ ತಿರುಗಿ ಬಂದಿತ್ತು. ಗುರುತು ಹತ್ತಲಿಲ್ಲ.

ಮಾವನೂ ಒಮ್ಮೆ ಇಂಥದೇ ಸುತ್ತಿನಲ್ಲಿದ್ದ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಮನೆ ಮನೆಗೆ ಹೊರಟರು. ಕಾಳು ಬೇಡ, ಕಾಸು ಬೇಡ. ನಿಮ್ಮ ದುಶ್ಚಟ ಇದರಲ್ಲಿ ಹಾಕಿ ಎಂದರು. ಮಾವ ಬೀಡಿ ಬಿಟ್ಟದ್ದು ಆ ಜೋಳಿಗೆಯಲ್ಲಿ. ಅದಕ್ಕೂ ಮೊದಲು ಅವನ ಹೆಂಡತಿ ಗೋಗರೆದಿದ್ದಳು. ಗೆಳೆಯರು ಬಿಡಲಿ ನಾನೂ ಬಿಡುತ್ತೇನೆ ಎನ್ನುತ್ತಿದ್ದನಂತೆ, ಗೆಳೆಯರು ಅವನ ಹೆಸರು ಹೇಳುತ್ತಿದ್ದರಂತೆ. ‘ಅಪ್ಪಾರು ನನ್ನ ಮುಂದ ಬಂದು ನಿಂತ್ರು. ಜೋಳಿಗಿ ಬಾಯಿ ತೆರದಿತ್ತು. ನನ್ನ ಹಿಂದ ಯಾರೂ ಇರಲಿಲ್ಲ’ ಎಂದು ಮಾವ ಹೇಳುವುದುಂಟು. ನಾನು ಆ ಮಾತನ್ನು ಬಹಳ ಸಲ ಕೇಳಿದ್ದೆ. ಹಿಂದೆ ಯಾರೂ ಇಲ್ಲದಿರುವುದು ಅವನಿಗೆ ಯಾಕೆ ಅಷ್ಟು ದೊಡ್ಡದಾಗಿ ಕಂಡಿತೆಂದು ತಿಳಿದದ್ದು ಈಚೆಗೆ.

ಆ ರಾತ್ರಿಯ ಕೆಲಸ ಕೊನೆಗೆ ಎರಡು ಸಾಲಿನದು. ಡಿಎನ್‌ಎಸ್‌ಮಾಸ್ಕ್‌ನ ಕಡತದಲ್ಲಿ ನೋ-ರಿಸಾಲ್ವ್ ಎಂದು ಬರೆದೆ: ಮನೆಯೊಳಗಿನ ಕಡತ ನೋಡಿ ಯಾರನ್ನು ಕೇಳಲಿ ಎಂದು ಹುಡುಕಬೇಡ. ಅದರ ಕೆಳಗೆ ಹೊರಗಿನ ಒಂದು ವಿಳಾಸ ಬರೆದೆ: ಇವರನ್ನು ಕೇಳು. ಗೂಟಕ್ಕೆ ಬಿಗಿದ ಹಾಗೆ. ಹಳೆಯ ನನ್ನ ಸಾಲನ್ನು ಅಳಿಸಲಿಲ್ಲ; ಹೊಸಬ ಹಳಬನನ್ನೇ ಕೇಳಲಿ, ಹಳಬ ಹೊರಗೆ ಕೇಳಲಿ. ಸೇವೆಯನ್ನು ಮತ್ತೆ ಶುರು ಮಾಡಿದೆ. 97 ಎಂಬುದು 40ಕ್ಕೆ ಇಳಿಯಿತು, 6ಕ್ಕೆ ಇಳಿಯಿತು, ಆಮೇಲೆ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಮರೆಯಾಯಿತು. ಫ್ಯಾನು ಒಂದೆರಡು ನಿಮಿಷ ತಡವಾಗಿ ಸುಮ್ಮನಾಯಿತು. ಹುಡುಗಿಯ ವೆಬ್‌ಸೈಟಿನ ಹೆಸರನ್ನು ನಾನೇ ಬರೆದು ಒತ್ತಿದೆ. ರೆಪ್ಪೆ ಹೊಡೆಯುವಷ್ಟರಲ್ಲಿ ತೆರೆಯಿತು. ಮರುದಿನ ಅವಳು ಬಂದಳು, ಅದೇ ಚೀಲ, ಅರ್ಜಿ ಹಾಕಿದೆವು. ದುಡ್ಡು ತೆಗೆದುಕೊಳ್ಳಲಿಲ್ಲ.

ಮೊನ್ನೆ ನವರಾತ್ರಿಗೆ ಮುಂಚೆ ಅಣ್ಣನ ಫೋನು ಬಂತು. ಅವ್ವನಿಗೆ ಒಂದು ಕಣ್ಣಿನ ಆಪರೇಶನ್ ಆಗಿದೆ, ಇನ್ನೊಂದು ಆಗಬೇಕು. ‘ಅವ್ವನ್ನ ನವನಗರಕ್ಕ ಕರಕೊಂಡು ಬರಲೇನು, ಅಲ್ಲೇ ಇರಲೇನು? ನೀ ಏನಂತಿ?’ ಎಂದ. ನೀ ಹಿರಿಯಾಂವ ಇದ್ದಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ತಡೆದೆ. ಆ ಕಡೆ ಅವನೂ ಸುಮ್ಮನಿದ್ದ. ಆಮೇಲೆ ಅವನೇ, ‘ನಂಗ ತಿಳೀವಲ್ದು ತಮ್ಮಾ’ ಎಂದ. ಅಷ್ಟೇ ಅಂದು ನಿಲ್ಲಿಸಿದ. ನಾನೂ ‘ನಂಗೂ ತಿಳೀವಲ್ದು’ ಎಂದೆ.

ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೋಗಿ ಫೋನನ್ನು ಅವಳ ಕಿವಿಗೆ ಹಿಡಿದೆ. ಅಣ್ಣ ಅದೇ ಮಾತನ್ನು ಅವಳಿಗೆ ಕೇಳಿದ. ಅವ್ವ ಮೊರವನ್ನು ತೊಡೆಯ ಮೇಲಿಳಿಸಿ, ‘ಸೀಗಿ ಹುಣ್ಣಿವಿ ಮುಗಿಸಿಕೊಂಡು ಬರ್ತೀನಿ. ಎಂಟು ದಿನ ಇರ್ತೀನಿ, ಕಣ್ಣು ತೋರಿಸಿಕೊಂಡು ಹೊಳ್ಳಿ ಬರ್ತೀನಿ. ಎಮ್ಮಿ ಈಯೂದೈತಿ’ ಎಂದಳು. ಫೋನನ್ನು ಕಿವಿಯಿಂದ ಸರಿಸಿ ಮತ್ತೆ ಮೊರ ಎತ್ತಿಕೊಂಡಳು.